ಸತ್ಯಾಂಶ: ಕಪ್ಪು ಜನಾಂಗದ ಮಗು ಬಿಳಿಯರ ಮನೆಗೆ ಹೋಗುವಂತಿಲ್ಲವೇ?

‘ಅಮೆರಿಕದಲ್ಲಿ ಕಪ್ಪು ಜನಾಂಗದ ಮಗುವನ್ನು ಬಿಳಿಯರು ದತ್ತು ಪಡೆಯುವಂತಿಲ್ಲ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಅದು ಸುಳ್ಳು. ಅಲ್ಲಿನ ಕಾನೂನು ಹೇಳುವುದು ಪೂರ್ತಿ ಉಲ್ಟಾ.

1994ರಲ್ಲಿ ಬಂದ ಕಾಯ್ದೆಯನ್ನು 1996ರಲ್ಲಿ ಇನ್ನೂ ಬಿಗಿ ಮಾಡಿದರು. ಫೆಡರಲ್ (ಕೇಂದ್ರ) ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಮಗುವಿನ ಅಥವಾ ಸಾಕುವವರ ಜನಾಂಗ, ಮೈಬಣ್ಣ, ಮೂಲ ದೇಶ ನೋಡಿ ದತ್ತು ನಿರಾಕರಿಸುವಂತಿಲ್ಲ. ಮಗುವನ್ನು ತಾತ್ಕಾಲಿಕವಾಗಿ ಬೇರೆ ಮನೆಯಲ್ಲಿ ಸಾಕುವ ಫಾಸ್ಟರ್ ಕೇರ್‌ಗೂ ಇದೇ ನಿಯಮ. ತಡ ಮಾಡುವುದೂ ತಪ್ಪು. ‘ಅದೇ ಬಣ್ಣದ ಮನೆ ಸಿಗಲಿ’ ಎಂದು ಮಗುವನ್ನು ಸುಮ್ನೆ ಕಾಯಿಸುವಂತಿಲ್ಲ. ಪುಟ್ಟ ಮಗುವಿಗೆ ಒಂದೊಂದು ತಿಂಗಳೂ ಜಾಸ್ತಿಯೇ, ಅಲ್ವಾ? ನಿಯಮ ಮುರಿದ ರಾಜ್ಯಕ್ಕೆ ಅನುದಾನ ಕಡಿತವಾಗುತ್ತದೆ. ಜೊತೆಗೆ, ಎಲ್ಲ ಜನಾಂಗಗಳಿಂದಲೂ ಸಾಕುವ ಕುಟುಂಬಗಳನ್ನು ರಾಜ್ಯಗಳು ಹುಡುಕಬೇಕು.

ಮೂಲನಿವಾಸಿ ಬುಡಕಟ್ಟುಗಳ ಮಕ್ಕಳಿಗೆ 1978ರ ಬೇರೆ ಕಾಯ್ದೆ ಇದೆ. ಅಲ್ಲಿ ನೆಂಟರಿಗೆ, ಬುಡಕಟ್ಟಿನವರಿಗೆ ಆದ್ಯತೆ. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.