ಒಂದು ಚಕ್ಕೆ ತುಂಬಿ ಅಂದರೆ ಇಡೀ ಗಿಟಾರನ್ನೇ ಉಜ್ಜಿಬಿಟ್ಟರು

ಗಿಟಾರ್ ರಿಪೇರಿ ಅಂಗಡಿಯವರನ್ನು ನಾನು ಕೇಳಿದ್ದು ಇಷ್ಟೇ. ಗಿಟಾರಿನ ಕೊಂಬಿನ (ಕತ್ತಿನ ಪಕ್ಕ ಚಾಚಿಕೊಂಡ ಭಾಗ) ತುದಿಯಲ್ಲಿ ಬಣ್ಣದ ಚಕ್ಕೆ ಎದ್ದಿದೆ, ಅದನ್ನು ಮಾತ್ರ ತುಂಬಿಕೊಡಿ, ಬೇರೆ ಎಲ್ಲೂ ಕೈ ಹಾಕಬೇಡಿ. ಉಗುರಿನಷ್ಟೂ ಅಗಲವಿಲ್ಲದ ಜಾಗ ಅದು. ಬಾಯಲ್ಲಿ ಹೇಳಿದ್ದಲ್ಲದೆ ಚೀಟಿಯಲ್ಲೂ ಬರೆದು ಕೊಟ್ಟಿದ್ದೆ.

ವಾಪಸ್ ಸಿಕ್ಕಿದ್ದು ಗಾಜಿನ ಹಾಗೆ ಹೊಳೆಯುವ ಗಿಟಾರ್. ಗಿಬ್ಸನ್ ಕಂಪನಿಯ 1965ರ ಎಲೆಕ್ಟ್ರಿಕ್ ಗಿಟಾರ್ ಎಸ್‌ಜಿಯ ಹಳೆಯ ಫಿನಿಶ್ (ಮರದ ಮೇಲಿನ ಬಣ್ಣದ ಲೇಪ) ಪೂರ್ತಿ ಹೋಗಿದೆ. ಮರದವರೆಗೂ ಉಜ್ಜಿ, ಮೇಲೆ ದಪ್ಪಗೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಥರದ ಲೇಪ ಹೊಡೆದಿದ್ದಾರೆ. "ಹೊಸದರ ಥರ ಮಾಡಿಕೊಟ್ಟಿದ್ದೇವೆ, ನೋಡಿ" ಅಂತ ಹೆಮ್ಮೆ ಬೇರೆ! ಹೊಸದು ಮಾಡಿ ಅಂತ ಕೇಳಿದವರು ಯಾರು?

ಆ ಕಾಲದ ಗಿಬ್ಸನ್ ಗಿಟಾರುಗಳಿಗೆ ಹೊಡೆಯುತ್ತಿದ್ದದ್ದು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಮೆರುಗೆಣ್ಣೆ. ಅದರ ದೊಡ್ಡ ಗುಣವೇ ಸಣ್ಣ ರಿಪೇರಿಗೆ ಒಗ್ಗುವುದು. ಹೊಸ ಲ್ಯಾಕರಿನಲ್ಲಿರುವ ತಿನ್ನರ್ ಹಳೆಯ ಪದರವನ್ನು ಸ್ವಲ್ಪ ಕರಗಿಸುತ್ತದೆ, ಎರಡೂ ಬೆರೆತು ಒಂದಾಗುತ್ತವೆ. ಚಕ್ಕೆ ಎದ್ದ ಕಡೆ ಸಣ್ಣ ಬ್ರಷ್ಷಿನಲ್ಲಿ ಒಂದು ಹನಿ ಬಿಡಬೇಕು. ಒಣಗಿದಾಗ ಅದು ಕುಗ್ಗುತ್ತದೆ. ಇನ್ನೊಂದು ಹನಿ, ಮತ್ತೆ ಕಾಯುವುದು. ಸುತ್ತಲಿನ ಮಟ್ಟಕ್ಕಿಂತ ಸ್ವಲ್ಪ ಉಬ್ಬಿದ ಮೇಲೆ ಚೆನ್ನಾಗಿ ಗಟ್ಟಿಯಾಗಲು ಬಿಡಬೇಕು. ಆಮೇಲೆ ಬ್ಲೇಡಿನ ಎರಡೂ ತುದಿಗೆ ಟೇಪ್ ಸುತ್ತಿ, ಆ ಉಬ್ಬನ್ನು ಮಾತ್ರ ಹೆರೆಯಬೇಕು. ಕೊನೆಗೆ ನಯವಾದ ಉಜ್ಜುವ ಕಾಗದ, ಪಾಲಿಶ್. ಇದಕ್ಕೆ ಬೇಕಾಗಿದ್ದು ತಾಳ್ಮೆ ಒಂದೇ. ಅದಿಲ್ಲದಿದ್ದರೆ "ಆಗಲ್ಲ" ಅಂತ ಹೇಳಿ ಕಳಿಸಬಹುದಿತ್ತಲ್ವಾ?

ಹೋದದ್ದು ಬಣ್ಣ ಒಂದೇ ಅಲ್ಲ. ಎಸ್‌ಜಿಯ ಚೆಂದ ಇರುವುದೇ ಕೊಂಬುಗಳ ಅಂಚಿನಲ್ಲಿ, ಓರೆಯಾಗಿ ಚೂಪಾಗಿ ಕತ್ತರಿಸಿದ ಆ ಇಳಿಜಾರಿನಲ್ಲಿ. ಯಂತ್ರ ಹಿಡಿದು ಉಜ್ಜಿ ಉಜ್ಜಿ ಅದನ್ನು ದುಂಡಗೆ ಮಾಡಿದ್ದಾರೆ. ಬಣ್ಣವನ್ನಾದರೂ ಮತ್ತೆ ಹೊಡೆಯಬಹುದು, ಹೋದ ಮರವನ್ನು ಎಲ್ಲಿಂದ ತರಲಿ? ಹೆಡ್‌ಸ್ಟಾಕ್, ಅಂದರೆ ತಂತಿ ಬಿಗಿಯುವ ತಲೆಯ ಹಿಂದೆ ಮರದೊಳಗೆ ಒತ್ತಿದ್ದ ಸೀರಿಯಲ್ ನಂಬರಿನೊಳಗೂ ಫಿನಿಶ್ ತುಂಬಿಕೊಂಡಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಓದಲು ಬರುತ್ತದೆ.

ಅದರ ಮೈಮೇಲೆ ಕೂದಲೆಳೆಯಂಥ ಬಿರುಕುಗಳಿದ್ದವು. ಚಳಿ ಬಿಸಿಲಿಗೆ ಮರ ಹಿಗ್ಗಿ ಕುಗ್ಗುವಾಗ ಹಳೆಯ ಲ್ಯಾಕರ್ ಹಾಗೆ ಬಿರುಕು ಬಿಡುತ್ತದೆ. ಚೆರ್ರಿ ಕೆಂಪು ಮಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಕೈ ಒರಗುವ ಕಡೆ ಸವೆದು ಮರ ಕಾಣುತ್ತಿತ್ತು. ಇದೆಲ್ಲ ಅವರ ಕಣ್ಣಿಗೆ ಕೊಳಕು! ಇದೇ ಸವೆತ ಬೇಕು ಅಂತ ಕಂಪನಿಗಳು ಹೊಸ ಗಿಟಾರುಗಳ ಬಣ್ಣವನ್ನು ಬೇಕಂತಲೇ ಸವೆಸಿ, ಜಾಸ್ತಿ ಬೆಲೆಗೆ ಮಾರುತ್ತವೆ. ನನ್ನ ಗಿಟಾರಿನ ಮೇಲೆ ಅದು ದಶಕಗಳ ಕಾಲ ನುಡಿಸಿದ್ದರಿಂದ ತಾನಾಗಿ ಬಂದಿತ್ತು. ನನಗಿಂತ ಮುಂಚೆ ಅದನ್ನು ನುಡಿಸಿದವರ ಕೈಗಳ ಗುರುತೂ ಅದರಲ್ಲಿತ್ತು. ಎಲ್ಲ ಧೂಳಾಗಿ ಹೋಯಿತು.

ರಿಫಿನಿಶ್ ಆದ ಹಳೆಯ ಗಿಟಾರಿನ ಬೆಲೆ ಅರ್ಧಕ್ಕೆ ಬೀಳುತ್ತದೆ ಅಂತ ಈ ವ್ಯಾಪಾರದಲ್ಲಿರುವ ಎಲ್ಲರೂ ಹೇಳುತ್ತಾರೆ. ನಾನು ಮಾರುವವನಲ್ಲ, ಆ ಮಾತು ಬಿಡಿ. ಆದರೆ ರಿಪೇರಿಯನ್ನೇ ಕಸುಬು ಮಾಡಿಕೊಂಡವರಿಗೆ ಇದು ಗೊತ್ತಿರಬೇಡವಾ? ಉಜ್ಜುವ ಮುಂಚೆ ಒಂದು ಫೋನ್ ಮಾಡಲು ಏನಾಗಿತ್ತು?

ಕೇಳಿದರೆ, "ಚಕ್ಕೆ ತುಂಬಿದರೆ ಬಣ್ಣ ಹೊಂದುತ್ತಿರಲಿಲ್ಲ" ಅಂದರು. ಹೊಂದದಿದ್ದರೆ ಬೇಡ! ಸ್ವಲ್ಪ ಬೇರೆ ಬಣ್ಣದ ಚುಕ್ಕೆ ಉಳಿದಿದ್ದರೂ ನಾನು ಖುಷಿಯಾಗಿ ತೆಗೆದುಕೊಳ್ಳುತ್ತಿದ್ದೆ. ಆಮೇಲೆ ಬಿಲ್ ಮುಂದಿಟ್ಟರು, ಪೂರ್ತಿ ಗಿಟಾರಿಗೆ ಫಿನಿಶ್ ಹೊಡೆದ ಲೆಕ್ಕದಲ್ಲಿ. ಕೇಳದ ಕೆಲಸಕ್ಕೆ ಒಂದು ಪೈಸೆಯನ್ನೂ ಕೊಡುವುದಿಲ್ಲ ಅಂತ ಹೇಳಿ ಬಂದಿದ್ದೇನೆ. ನಾನು ಬರೆದುಕೊಟ್ಟ ಚೀಟಿ ಅವರ ಬಳಿಯೇ ಇದೆ, ಅದರ ಫೋಟೋ ನನ್ನ ಬಳಿ ಇದೆ.