ಏಕಸದಸ್ಯ ಸ್ಟ್ಯಾಂಡಪ್

ತಂಡದಲ್ಲಿ ಸಾಫ್ಟ್‌ವೇರ್ ಬರೆಯುವವರಿಗೆ ಒಂದು ಸುಖ ಉಂಟು: ಡಿಸೈನ್ ಹಳ್ಳ ಹಿಡಿದರೆ ಬೆರಳು ತೋರಿಸಲು ಪಕ್ಕದಲ್ಲಿ ಒಬ್ಬರಾದರೂ ಸಿಗುತ್ತಾರೆ. ಒಂಟಿ ಡೆವಲಪರ್‌ಗೆ ಆ ಭಾಗ್ಯವಿಲ್ಲ. ಆರ್ಕಿಟೆಕ್ಟ್, ಟೆಸ್ಟರ್, ಮ್ಯಾನೇಜರ್, ಮ್ಯಾನೇಜರನ್ನು ಬೆನ್ನ ಹಿಂದೆ ಬೈದುಕೊಳ್ಳುವವನು, ಎಲ್ಲ ಅವನೇ. ಅದಕ್ಕೇ ನನ್ನ ಆ್ಯಪ್‌ಗೆ ಒಂದು ಶಿಸ್ತಿನ ಪ್ರೋಸೆಸ್ ಬೇಕು ಅನ್ನಿಸಿದ್ದು. ಆ್ಯಪ್ ಮಹಾ ದೊಡ್ಡದೇನಲ್ಲ. ಮನೆಯಿಂದ ಎರವಲು ಹೋದ ಪುಸ್ತಕ ಯಾರ ಹತ್ತಿರ ಇದೆ ಎಂದು ಹೇಳಿದರೆ ಆಯಿತು. ಇದೇ ಕೆಲಸವನ್ನು ನನ್ನ ತಂಗಿ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಇಟ್ಟುಕೊಂಡು ಮಾಡುತ್ತಾಳೆ, ನಿಜ. ಆದರೆ ನಾಳೆ ಪುಸ್ತಕ ಸಾವಿರವಾದರೆ ಅದು ಸ್ಕೇಲ್ ಆಗುವುದಿಲ್ಲ.

ಮೊದಲು ವಾಟರ್‌ಫಾಲ್ ಹಿಡಿದೆ. ಬೇಡಿಕೆಗಳ ಪಟ್ಟಿ ಮುಗಿದ ಮೇಲೆ ಡಿಸೈನ್, ಡಿಸೈನ್ ಮುಗಿದ ಮೇಲೆ ಕೋಡ್, ಆಮೇಲೆ ಟೆಸ್ಟಿಂಗ್. ಮರ್ಯಾದಸ್ಥರ ಪದ್ಧತಿ. ಆ್ಯಪ್‌ನಲ್ಲಿ ಏನೇನಿದೆ, ಒಂದಕ್ಕೊಂದು ಏನು ಸಂಬಂಧ ಎಂದು ತೋರಿಸುವ ಕ್ಲಾಸ್ ಡಯಾಗ್ರಾಂ ಬರೆಯಲು ಕೂತೆ. ‘ಪುಸ್ತಕ’ ಎಂದು ಒಂದು ಚೌಕ, ‘ಗೆಳೆಯ’ ಎಂದು ಇನ್ನೊಂದು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾಳೆ ಯಾರಾದರೂ ಛತ್ರಿ ಎರವಲು ಕೇಳಿದರೆ? ಪುಸ್ತಕ, ಛತ್ರಿ ಎರಡಕ್ಕೂ ಹೊಂದುವ ಸಾಮಾನ್ಯ ಅಚ್ಚಾಗಿ ‘ಎರವಲು ಕೊಡಬಹುದಾದ ವಸ್ತು’ ಎಂಬ ಅಬ್‌ಸ್ಟ್ರ್ಯಾಕ್ಟ್ ಕ್ಲಾಸ್ ಹುಟ್ಟಿತು. ಒಯ್ದವನು ಅದನ್ನು ಮತ್ತೊಬ್ಬನಿಗೆ ದಾಟಿಸಿದರೆ? ‘ಉಪ ಎರವಲುದಾರ’ ಬಂದ. ಕೂಸು ಹುಟ್ಟುವ ಮೊದಲೇ ಕುಲಾವಿ ಅಂತಾರಲ್ಲ, ಇಲ್ಲಿ ಕೂಸಿನ ಮೊಮ್ಮಕ್ಕಳಿಗೂ ಅಳತೆ ತೆಗೆದಾಗಿತ್ತು. ಇಷ್ಟಾದ ಮೇಲೆ ಗೊತ್ತಾದದ್ದು: ಈ ಪದ್ಧತಿಯ ಮೂಲ ಎನ್ನಿಸಿಕೊಂಡಿರುವ ವಿನ್‌ಸ್ಟನ್ ರಾಯ್ಸ್ ಅವರ 1970ರ ಪ್ರಬಂಧದಲ್ಲಿ ವಾಟರ್‌ಫಾಲ್ ಎಂಬ ಹೆಸರೇ ಇಲ್ಲ! ಬದಲಿಗೆ, ಹೀಗೆ ಒಂದೇ ದಿಕ್ಕಿನಲ್ಲಿ ಇಳಿಯುತ್ತಾ ಹೋದರೆ ಅಪಾಯ ಎಂಬ ಎಚ್ಚರಿಕೆ ಇದೆ. ಹೊಸ ಸಾಫ್ಟ್‌ವೇರ್ ಆದರೆ ಎರಡು ಸಲ ಮಾಡಿ ಎಂದೂ ಅವರು ಹೇಳಿದ್ದಾರೆ. ನನ್ನದಿನ್ನೂ ಒಂದು ಸಲವೂ ಆಗಿರಲಿಲ್ಲ.

ಸರಿ, ಸಣ್ಣ ಸಣ್ಣ ಕಂತುಗಳಲ್ಲಿ ಮಾಡುತ್ತಾ, ಆಗಾಗ ತಿದ್ದಿಕೊಳ್ಳುತ್ತಾ ಹೋಗುವ ಅಜೈಲ್ ಆಗೋಣ ಎಂದುಕೊಂಡೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಒಂದು ಸ್ಕೀ ರೆಸಾರ್ಟ್‌ನಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಅದರ ಮೊದಲ ಸಾಲೇ ಪ್ರೋಸೆಸ್ಸು ಟೂಲುಗಳಿಗಿಂತ ವ್ಯಕ್ತಿಗಳು, ಅವರ ಪರಸ್ಪರ ಮಾತುಕತೆ ದೊಡ್ಡದು ಎನ್ನುತ್ತದೆ. ವ್ಯಕ್ತಿಯೇನೋ ಇದ್ದ. ಪರಸ್ಪರ ಎಲ್ಲಿಂದ ತರುವುದು?

ಅಜೈಲ್ ಪದ್ಧತಿಗಳಲ್ಲಿ ಒಂದಾದ ಸ್ಕ್ರಮ್ ಅದಕ್ಕೂ ದಾರಿ ತೋರಿಸಿತು. ದಿನಾ ಬೆಳಿಗ್ಗೆ 15 ನಿಮಿಷ ಸ್ಟ್ಯಾಂಡಪ್, ಅಂದರೆ ನಿಂತೇ ಮುಗಿಸುವ ಟೀಮ್ ಮೀಟಿಂಗ್. ಎದ್ದು ನಿಂತು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನು ಎಂದು ಗೋಡೆಗೆ ವರದಿ ಒಪ್ಪಿಸಿದೆ. ಅಡ್ಡಿ ಏನು ಎಂಬಲ್ಲಿಗೆ ಬರುವ ಹೊತ್ತಿಗೆ ತಂಗಿ ಬಾಗಿಲಲ್ಲಿ ನಿಂತಿದ್ದಳು.

“ಯಾರ ಹತ್ರ ಮಾತಾಡ್ತಿದ್ದೀಯಣ್ಣ?”

“ಮೀಟಿಂಗ್‌ನಲ್ಲಿದ್ದೀನಿ.”

ಅವಳು ಕೋಣೆಯನ್ನೊಮ್ಮೆ ಪೂರ್ತಿ ನೋಡಿ, ಬಾಗಿಲು ಮೆಲ್ಲಗೆ ಮುಂದಕ್ಕೆಳೆದುಕೊಂಡು ಹೋದಳು. 2017ರ ಸ್ಕ್ರಮ್ ಗೈಡ್ ಪ್ರಕಾರ ಡೆವಲಪ್‌ಮೆಂಟ್ ಟೀಮಿನಲ್ಲಿ ಮೂವರಿಗಿಂತ ಕಡಿಮೆ ಇದ್ದರೆ ಒಡನಾಟ ತಗ್ಗುತ್ತದಂತೆ. ನಮ್ಮಲ್ಲಿ ತಗ್ಗಲಿಲ್ಲ, ಜಗಳದವರೆಗೆ ಹೋಯಿತು. ಏನು ಬೇಕೆಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಆದ ನಾನು ಹುಡುಕುವ ಸೌಲಭ್ಯ ಈ ಸ್ಪ್ರಿಂಟ್‌ನಲ್ಲೇ, ಅಂದರೆ ಈ ಕೆಲಸದ ಕಂತಿನಲ್ಲೇ, ಬೇಕು ಅಂದೆ. ಡೆವಲಪರ್ ಆದ ನಾನು ಸಾಧ್ಯವಿಲ್ಲ ಅಂದೆ. ಪದ್ಧತಿ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್ ಆದ ನಾನು ಇಬ್ಬರನ್ನೂ ಸಮಾಧಾನಪಡಿಸಿ ಮಲಗಿಸಿದೆ. ಯಾವ ಕೆಲಸಕ್ಕೆ ಎಷ್ಟು ಶ್ರಮ ಎಂದು ಅಂದಾಜಿಸುವ ಪ್ಲಾನಿಂಗ್ ಪೋಕರ್ ಕೂಡ ಆಡಿದ್ದುಂಟು. ಒಬ್ಬರ ಅಂದಾಜು ಇನ್ನೊಬ್ಬರ ಮೇಲೆ ಪ್ರಭಾವ ಬೀರಬಾರದೆಂದು ಎಲ್ಲರೂ ಚೀಟಿ ಬೋರಲಿಟ್ಟು ಒಟ್ಟಿಗೆ ತಿರುಗಿಸಬೇಕು. ನಾನೂ ಬೋರಲಿಟ್ಟೆ, ತಿರುಗಿಸಿದೆ. ಪ್ರತಿ ಸಲವೂ ಸರ್ವಾನುಮತ. ಅಂದಾಜು ಮಾತ್ರ ಒಂದೂ ನಿಜವಾಗಲಿಲ್ಲ.

ಇನ್ನೊಂದು ಅಜೈಲ್ ಪದ್ಧತಿಯಾದ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗಿನಲ್ಲಿ ಇಬ್ಬರು ಒಂದೇ ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುವ ಪೇರ್ ಪ್ರೋಗ್ರಾಮಿಂಗ್ ಬಗ್ಗೆ ಹೆಚ್ಚು ಹೇಳುವುದು ಬೇಡ. ಕೋಡ್ ವಿವರಿಸಿ ಹೇಳಲೆಂದು ರಬ್ಬರ್ ಬಾತುಕೋಳಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಇಡೀ ಟೀಮಿನಲ್ಲಿ ಹೊತ್ತಿಗೆ ಸರಿಯಾಗಿ ಹಾಜರಿರುತ್ತಿದ್ದದ್ದು ಅದೊಂದೇ.

ಕಾನ್‌ಬಾನ್ ಸುಲಭವೆನ್ನಿಸಿತು. ಟೊಯೋಟಾ ಕಾರ್ಖಾನೆಯಲ್ಲಿ ಹುಟ್ಟಿ ಸಾಫ್ಟ್‌ವೇರಿಗೆ ಬಂದ ಪದ್ಧತಿ. ಬೋರ್ಡಿನ ಮೇಲೆ ‘ಮಾಡಬೇಕು’, ‘ಮಾಡುತ್ತಿದ್ದೇನೆ’, ‘ಮುಗಿಯಿತು’ ಎಂದು ಮೂರು ಕಾಲಂ. ಗುಟ್ಟೆಲ್ಲ ನಡುವಿನ ಕಾಲಂನಲ್ಲಿ: ಅಲ್ಲಿ ಏಕಕಾಲಕ್ಕೆ ಇಷ್ಟೇ ಚೀಟಿ ಇರಬೇಕೆಂಬ ಮಿತಿ. ನಾನು ಎರಡು ಎಂದು ಬರೆದುಕೊಂಡೆ. ಮೂರನೆಯದು ಶುರು ಮಾಡಲು ಕೈ ತುರಿಸಿದಾಗ ಮಿತಿ ಮುರಿಯಲಿಲ್ಲ, ಅಷ್ಟು ನಿಯತ್ತು ನನಗಿದೆ. ‘ಬಹುತೇಕ ಮುಗಿದಂತೆಯೇ’ ಎಂಬ ನಾಲ್ಕನೇ ಕಾಲಂ ಎಳೆದೆ. ಅದಕ್ಕೆ ಮಿತಿ ಹಾಕಿರಲಿಲ್ಲ. ಆ ಕಾಲಂ ಈಗ ಗೋಡೆ ತಿರುಗಿ ಕಿಟಕಿಯವರೆಗೆ ಹೋಗಿದೆ.

ಈ ಸಡಗರದ ನಡುವೆ ಆ್ಯಪ್ ಹೇಗೋ ಆಯಿತು. ಯಾವ ಪದ್ಧತಿಯಲ್ಲಿ ಎಂದು ಕೇಳಿದರೆ ಹೇಳುವುದು ಕಷ್ಟ. ನಿದ್ದೆ ಬಾರದ ರಾತ್ರಿಗಳಲ್ಲಿ, ಸಿಕ್ಕ ತುದಿಯಿಂದ. ನನಗೆ ಧೈರ್ಯ ಕೊಟ್ಟದ್ದು ಸಾಫ್ಟ್‌ವೇರ್ ತಜ್ಞರಾದ ಡೇವಿಡ್ ಪಾರ್ನಾಸ್ ಮತ್ತು ಪಾಲ್ ಕ್ಲೆಮೆಂಟ್ಸ್ 1986ರಲ್ಲಿ ಪ್ರಕಟಿಸಿದ ಪ್ರಬಂಧ. ತರ್ಕಬದ್ಧ ಡಿಸೈನ್ ಪ್ರೋಸೆಸ್ ಎನ್ನುವುದು ವಾಸ್ತವದಲ್ಲಿ ಯಾರಿಂದಲೂ ಆಗುವುದಿಲ್ಲ, ಆದರೆ ಹಾಗೇ ಮಾಡಿದೆವೇನೋ ಎಂಬಂತೆ ದಾಖಲೆ ಬರೆದಿಡಿ ಎನ್ನುತ್ತಾರೆ ಅವರು. ಗಣಿತಜ್ಞರೂ ತಡಕಾಡಿದ ದಾರಿಯನ್ನೆಲ್ಲ ಅಚ್ಚು ಹಾಕಿಸುವುದಿಲ್ಲವಲ್ಲ. ಮುಂದೆ ಓದುವವನಿಗೆ ಬೇಕಾದದ್ದು ಕಾರಣ, ಕಥೆಯಲ್ಲ. ನನ್ನ ವಿಷಯದಲ್ಲಿ ಆ ಓದುವವನು ಆರು ತಿಂಗಳ ನಂತರದ ನಾನೇ. ಇಷ್ಟು ದಿನ ನಾನು ಹುಡುಕುತ್ತಿದ್ದ ಸಹೋದ್ಯೋಗಿ ಅವನೇ ಇರಬೇಕು. ಏನೂ ನೆನಪಿರುವುದಿಲ್ಲ, ಹಿಂದೆ ಬರೆದವನ ಮೇಲೆ ಸಿಟ್ಟು ಬೇರೆ.

ಅವನಿಗಾಗಿ ಡಿಸೈನ್ ದಾಖಲೆ ಬರೆದೆ. ಕೋಡಿನಲ್ಲಿ ‘ಸದ್ಯಕ್ಕೆ ಹೀಗಿರಲಿ’ ಎಂಬ ಕಾಮೆಂಟ್ ಇದ್ದ ಕಡೆ, ದಾಖಲೆಯಲ್ಲಿ ‘ಪರ್ಯಾಯಗಳನ್ನು ತೂಗಿ ನೋಡಿದ ಬಳಿಕ’ ಎಂದಾಯಿತು. ಎಲ್ಲ ಮುಗಿಸಿ ತಂಗಿಯ ಕೈಗಿಟ್ಟೆ. ಕೊನೆಯ ಪುಟದವರೆಗೆ ಗಮನವಿಟ್ಟು ಓದಿದಳು. ಆಮೇಲೆ ಆ್ಯಪ್ ತೆರೆದು ಏನೋ ಹುಡುಕಿದಳು, ಕಾದಳು, ಕೊನೆಗೆ ತನ್ನ ನೋಟ್‌ಬುಕ್ ತೆಗೆದು ನೋಡಿಕೊಂಡಳು.

“ಅಣ್ಣಾ, ಈ ದಾಖಲೆ ಬರೆದವರು ಯಾರೋ ಬಹಳ ಬುದ್ಧಿವಂತರು ಕಣೋ. ಆ್ಯಪ್ ಬರೆಯೋಕೂ ಅವರನ್ನೇ ಕರೀಬಾರದಿತ್ತಾ?”