ಹುಲ್ಲುಗಾವಲಿನಿಂದ ಹೊರಟ ಬಾಣಗಳು: ಇಂಡೋ-ಯುರೋಪಿಯನ್ ಭಾಷೆಗಳ ದಾರಿಯನ್ನು ನಕ್ಷೆಯಲ್ಲಿ ಎಳೆಯಬಹುದೇ?

ಕಪ್ಪು ಸಮುದ್ರದ ಉತ್ತರಕ್ಕೆ, ಇಂದಿನ ಉಕ್ರೇನ್ ಮತ್ತು ದಕ್ಷಿಣ ರಷ್ಯಾದಲ್ಲಿ, ಉದ್ದಾನುದ್ದ ಹುಲ್ಲುಗಾವಲಿದೆ. ಅಲ್ಲಿಂದ ಹೊರಟ ಬಾಣಗಳಿರುವ ನಕ್ಷೆಯನ್ನು ನೀವೂ ನೋಡಿರುತ್ತೀರಿ. ಒಂದು ಬಾಣ ಯುರೋಪಿನತ್ತ, ಒಂದು ಅಲ್ಟಾಯ್ ಬೆಟ್ಟಗಳತ್ತ, ಇನ್ನೊಂದು ಮಧ್ಯ ಏಷ್ಯಾ ಬಳಸಿ ಇಂದಿನ ಪಾಕಿಸ್ತಾನದ ಸ್ವಾತ್ ಕಣಿವೆಯತ್ತ. ಸಂಸ್ಕೃತ, ಪರ್ಷಿಯನ್, ಗ್ರೀಕ್, ರಷ್ಯನ್, ಇಂಗ್ಲಿಷ್, ಮರಾಠಿ, ಕೊಂಕಣಿ ಎಲ್ಲ ಸೇರಿದ ಇಂಡೋ-ಯುರೋಪಿಯನ್ ಬಳಗ ಹರಡಿದ್ದು ಹೀಗೆ ಅನ್ನುತ್ತದೆ ಆ ನಕ್ಷೆ. ಹಳೆಯ ಎಲುಬುಗಳಿಂದ ತೆಗೆದ ಡಿಎನ್‌ಎ ಅದಕ್ಕೆ ಈಗ ದೊಡ್ಡ ಆಧಾರ. ಹಾಗಾದರೆ ಈ ಬಾಣಗಳನ್ನು ನಂಬಬಹುದೇ?

ಪರ: ಬಾಣ ಎಳೆಯಲು ಈಗ ಆಧಾರವಿದೆ

ಮೊದಲು ಗಾಡಿಯ ಚಕ್ರದಿಂದ ಶುರು ಮಾಡೋಣ. ಸಂಸ್ಕೃತದ ಚಕ್ರ, ಗ್ರೀಕಿನ ಕುಕ್ಲೋಸ್, ಇಂಗ್ಲಿಷಿನ ವೀಲ್ ಮೂರೂ ಒಂದೇ ಬೇರಿನಿಂದ ಬಂದವು. ಅಚ್ಚು, ನೊಗಗಳ ಹೆಸರುಗಳೂ ಈ ಬಳಗದಲ್ಲಿ ಹಾಗೆಯೇ ಹೊಂದುತ್ತವೆ. ಚಕ್ರದ ಗಾಡಿ ಬಳಕೆಗೆ ಬಂದದ್ದು ಕ್ರಿ.ಪೂ. 3500ರ ಆಸುಪಾಸಿನಲ್ಲಿ. ದೂರ ದೂರ ಹೋದ ಮೇಲೆ ಚಕ್ರ ಕಂಡವರು ಎಲ್ಲರೂ ಒಂದೇ ಹೆಸರಿಟ್ಟರು ಅಂದರೆ ನಂಬೋದು ಕಷ್ಟ. ಇಂದಿನ ಟರ್ಕಿಯಲ್ಲಿದ್ದ ಹಿಟ್ಟೈಟ್ ಭಾಷೆಯ ಶಾಖೆ ಬೇಗ ಬೇರೆಯಾಗಿರಬಹುದು. ಉಳಿದವರು ಆ ಹೊತ್ತಿನಲ್ಲಿ ಇನ್ನೂ ಹತ್ತಿರವೇ ಇದ್ದರು.

ಇದು ಕಾಲದ ಲೆಕ್ಕ. ಜಾಗದ ಲೆಕ್ಕ ಕೊಟ್ಟವರು ಲಿಥುವೇನಿಯಾದಲ್ಲಿ ಹುಟ್ಟಿದ ಪುರಾತತ್ವಜ್ಞೆ ಮರಿಯಾ ಗಿಂಬುಟಾಸ್. ಹುಲ್ಲುಗಾವಲಿನಲ್ಲಿ ಸಮಾಧಿಯ ಮೇಲೆ ಮಣ್ಣಿನ ದಿಬ್ಬ ಕಟ್ಟುತ್ತಿದ್ದ ದನಗಾಹಿಗಳೇ ಈ ಭಾಷೆಯನ್ನು ಹರಡಿದರು ಎಂದು ಅವರು 1956ರಲ್ಲೇ ಹೇಳಿದರು. ಕೆಲವು ದಿಬ್ಬಗಳ ಕೆಳಗೆ ಗಾಡಿಗಳೇ ಸಿಕ್ಕಿವೆ. ಆದರೂ ತುಂಬ ಜನ ಒಪ್ಪಲಿಲ್ಲ. ಬ್ರಿಟನ್ನಿನ ಕಾಲಿನ್ ರೆನ್‌ಫ್ರೂ 1987ರಲ್ಲಿ ಬೇರೆ ವಾದ ಮುಂದಿಟ್ಟರು: ಇಂದಿನ ಟರ್ಕಿಯ ಮೊದಲ ರೈತರು ಬೇಸಾಯದ ಜೊತೆಗೆ ಈ ಭಾಷೆಯನ್ನೂ ಒಯ್ದರು.

2015ರಲ್ಲಿ ಡಿಎನ್‌ಎ ಬಂತು. ಕ್ರಿ.ಪೂ. 2500ರ ಆಸುಪಾಸಿನಲ್ಲಿ ಜರ್ಮನಿಯಲ್ಲಿ ಸತ್ತವರ ಎಲುಬು ನೋಡಿದರೆ, ಅವರ ಪೂರ್ವಜರಲ್ಲಿ ಸುಮಾರು ಮುಕ್ಕಾಲು ಪಾಲು ಯಮ್ನಾಯ ಜನರಂಥವರು, ಅಂದರೆ ಹುಲ್ಲುಗಾವಲಿನ ಆ ದಿಬ್ಬ ಕಟ್ಟುವ ದನಗಾಹಿಗಳಂಥವರು. ಅತ್ತ ಸಾವಿರಾರು ಕಿಲೋಮೀಟರ್ ಪೂರ್ವಕ್ಕೆ, ಅಲ್ಟಾಯ್ ಬೆಟ್ಟಗಳ ಬಳಿಯ ಅಫನಾಸಿಯೆವೊ ಸಮಾಧಿಗಳಲ್ಲಿದ್ದವರೂ ಯಮ್ನಾಯರಂತೆಯೇ. ಗಿಂಬುಟಾಸ್ 1994ರಲ್ಲೇ ತೀರಿಕೊಂಡಿದ್ದರು, ಇದನ್ನು ನೋಡಲಿಲ್ಲ. ಆದರೆ ರೆನ್‌ಫ್ರೂ ನೋಡಿದರು. 2017ರಲ್ಲಿ, ಗಿಂಬುಟಾಸ್ ಹೆಸರಿನಲ್ಲೇ ನಡೆದ ಉಪನ್ಯಾಸದಲ್ಲಿ, ಆಕೆಯ ವಾದಕ್ಕೆ ಡಿಎನ್‌ಎ ಬಲ ತುಂಬಿದೆ ಎಂದು ಒಪ್ಪಿಕೊಂಡರು. ಮೂವತ್ತು ವರ್ಷ ಎದುರು ವಾದ ಹಿಡಿದಿದ್ದ ವಿದ್ವಾಂಸ ಹಾಗೆ ಹೇಳಿದ್ದು ಸಣ್ಣ ಮಾತಲ್ಲ.

ಭಾರತದ ಕಡೆಯ ಬಾಣ ನನಗೆ ಇದಕ್ಕಿಂತ ಗಟ್ಟಿ ಅನ್ನಿಸುತ್ತದೆ. ನೂರಕ್ಕೆ ಸಂಸ್ಕೃತದಲ್ಲಿ ಶತ, ಲಿಥುವೇನಿಯನ್‌ನಲ್ಲಿ ಶಿಮ್ತಾಸ್. ಲ್ಯಾಟಿನ್‌ನಲ್ಲಿ ಅದೇ ಕೆಂಟುಮ್. ಸಂಸ್ಕೃತ ಮತ್ತು ಇರಾನಿನ ಭಾಷೆಗಳು ಕೆಲವು ಧ್ವನಿ ಬದಲಾವಣೆಗಳಲ್ಲಿ ಲಿಥುವೇನಿಯನ್, ರಷ್ಯನ್‌ಗಳ ಜೊತೆ ನಿಲ್ಲುತ್ತವೆ ಎಂದು ಭಾಷಾಶಾಸ್ತ್ರಜ್ಞರು 19ನೇ ಶತಮಾನದಿಂದಲೇ ಹೇಳುತ್ತಿದ್ದಾರೆ. ಅಷ್ಟು ದೂರದ ಭಾಷೆಗಳಿಗೆ ಈ ನಂಟು ಎಲ್ಲಿಂದ ಬಂತು? 523 ಪ್ರಾಚೀನರ ಡಿಎನ್‌ಎ ಇಟ್ಟುಕೊಂಡು 2019ರಲ್ಲಿ ಬಂದ ಅಧ್ಯಯನ ಇದಕ್ಕೆ ದಾರಿ ತೋರಿಸಿತು. ದಕ್ಷಿಣ ಏಷ್ಯಾಕ್ಕೆ ಬಂದವರು ನೇರವಾಗಿ ಬಂದ ಯಮ್ನಾಯರಲ್ಲ. ಆ ಜನ ಮೊದಲು ಪೂರ್ವ ಯುರೋಪಿಗೆ ಹೋಗಿ, ಅಲ್ಲಿನ ರೈತರೊಂದಿಗೆ ಬೆರೆತು, ಅವರ ಮುಂದಿನವರು ಉರಲ್ ಬೆಟ್ಟಗಳ ಕಡೆಗೆ ಮರಳಿ, ಆಮೇಲೆ ದಕ್ಷಿಣಕ್ಕೆ ಇಳಿದವರು. ಶಬ್ದಗಳನ್ನು ಮಾತ್ರ ನೋಡಿದವರು ಹೇಳಿದ ನಂಟು ಎಲುಬಿನಲ್ಲೂ ಕಂಡಿತು. ಒಬ್ಬರನ್ನೊಬ್ಬರು ಕೇಳದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಂಬಬೇಕು, ಅಲ್ವಾ?

ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ ಹರಪ್ಪ ಕಾಲದ ಮಹಿಳೆಯ ಡಿಎನ್‌ಎಯಲ್ಲಿ ಹುಲ್ಲುಗಾವಲಿನ ಪಾಲು ಇಲ್ಲ. ಕ್ರಿ.ಪೂ. 1200ರ ನಂತರದ ಸ್ವಾತ್ ಸಮಾಧಿಗಳಲ್ಲಿ ಇದೆ. ನಮ್ಮಲ್ಲಿ ಈ ಮಾತು ಎತ್ತಿದರೆ ಸಾಕು, ಜಗಳ ಶುರು. ಸೈನ್ಯ ಕಟ್ಟಿಕೊಂಡು ಬಂದರು ಎಂಬ ಹಳೆಯ ಆಕ್ರಮಣದ ಕಥೆಗೆ ಪುರಾವೆ ಇಲ್ಲ, ಅದನ್ನು ಬಿಡೋಣ. ಆದರೆ ಜನ ಬಂದರು. ಬಂದು ಇಲ್ಲಿಯವರೊಂದಿಗೆ ಬೆರೆತರು. ಯಾರಿಗೋ ಬೇಜಾರಾಗುತ್ತದೆ ಎಂದು ಆ ಬಾಣವನ್ನು ಅಳಿಸಿದರೆ, ಖಾಲಿ ಜಾಗದಲ್ಲಿ ವಾಟ್ಸಾಪಿನ ಕಥೆಗಳು ಬಂದು ಕೂರುತ್ತವೆ. ನಕ್ಷೆಯಲ್ಲಿ ತಪ್ಪಿದ್ದರೆ ತಿದ್ದಬಹುದು. ಬರೆಯದ ನಕ್ಷೆಯನ್ನು ತಿದ್ದೋದು ಹೇಗೆ?

ವಿರೋಧ: ಎಲುಬು ಮಾತಾಡುವುದಿಲ್ಲ

ಜನ ಬಂದರು ಎಂಬುದನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಬಾಣದ ಮೇಲೆ ಬರೆದ ಹೆಸರಿನ ಬಗ್ಗೆ. ಡಿಎನ್‌ಎ ಹೇಳುವುದು ಯಾರು ಯಾರ ಮಕ್ಕಳು ಎಂದು. ಆ ಮಕ್ಕಳು ಮನೆಯಲ್ಲಿ ಏನು ಮಾತಾಡುತ್ತಿದ್ದರು ಎಂದು ಅದು ಹೇಳುವುದಿಲ್ಲ.

ಸ್ಪೇನನ್ನೇ ನೋಡಿ. ಕ್ರಿ.ಪೂ. 2000ದ ಹೊತ್ತಿಗೆ ಅಲ್ಲಿನ ಜನರ ಪೂರ್ವಜರಲ್ಲಿ ಸುಮಾರು 40 ಶೇಕಡಾ ಬದಲಾಗಿದ್ದರು. ಗಂಡಸರ ವಂಶಗಳಂತೂ ಹೆಚ್ಚುಕಡಿಮೆ ಪೂರ್ತಿ ಹುಲ್ಲುಗಾವಲಿನ ಮೂಲದವು. ಆದರೆ ಅದೇ ಹುಲ್ಲುಗಾವಲಿನ ಪಾಲು ಹೊತ್ತ ಬಾಸ್ಕ್ ಜನ ಇವತ್ತಿಗೂ ಇಂಡೋ-ಯುರೋಪಿಯನ್ ಅಲ್ಲದ ಭಾಷೆಯನ್ನೇ ಆಡುತ್ತಾರೆ. ಬಾಣ ಬಂತು, ಭಾಷೆ ಬರಲಿಲ್ಲ. ಹಂಗೇರಿಯಲ್ಲಿ ಇದರ ಉಲ್ಟಾ. ಇಂದಿನ ಹಂಗೇರಿಯನ್ನರು ವಂಶದಲ್ಲಿ ಹೆಚ್ಚಾಗಿ ಅಕ್ಕಪಕ್ಕದ ದೇಶದವರಂತೆಯೇ. ಆದರೆ ಅವರ ಭಾಷೆ 9ನೇ ಶತಮಾನದ ಕೊನೆಯಲ್ಲಿ ಬಂದ ಮಾಗ್ಯಾರರದ್ದು. ಬಲೂಚಿಸ್ತಾನದ ಬ್ರಾಹುಯಿ ಭಾಷೆ ನಮ್ಮ ಕನ್ನಡದ ಬಳಗದ್ದೇ. ಅದನ್ನು ಆಡುವವರ ಡಿಎನ್‌ಎ ಮಾತ್ರ ನೆರೆಯ ಬಲೂಚರಿಗೇ ಹತ್ತಿರ.

ಇನ್ನು ಹಿಟ್ಟೈಟ್. ಈ ಬಳಗದಲ್ಲಿ ಬರಹ ಉಳಿದಿರುವ ಅತಿ ಹಳೆಯ ಭಾಷೆಗಳಲ್ಲಿ ಅದೂ ಒಂದು, ಇಂದಿನ ಟರ್ಕಿಯಲ್ಲಿ ಜೇಡಿಮಣ್ಣಿನ ಹಲಗೆಗಳ ಮೇಲೆ ಸಿಕ್ಕಿದ್ದು. ಆದರೆ ಆ ಕಾಲದ ಅಲ್ಲಿನ ಎಲುಬುಗಳಲ್ಲಿ ಯಮ್ನಾಯರ ಪಾಲು ಸಿಗಲಿಲ್ಲ. ಹಾಗಾಗಿ ಮೂಲವನ್ನೇ ಸರಿಸಬೇಕಾಯಿತು. 2023ರ ಒಂದು ಅಧ್ಯಯನ ಬಳಗದ ಹುಟ್ಟನ್ನು ಸುಮಾರು 8,100 ವರ್ಷ ಹಿಂದಕ್ಕೆ, ಕಾಕಸಸ್ ಬೆಟ್ಟಗಳ ದಕ್ಷಿಣಕ್ಕೆ ಒಯ್ದಿತು. 2025ರದ್ದು ಕಾಕಸಸ್ ಮತ್ತು ಕೆಳ ವೋಲ್ಗಾ ನಡುವಿನ ಜನರತ್ತ ಕೈ ತೋರಿಸಿತು. ತಿದ್ದುವುದು ವಿಜ್ಞಾನದ ಗುಣ ಅನ್ನಬಹುದು, ನಿಜ. ಆದರೆ ಬಾಣಕ್ಕೆ ಅನುಮಾನ ತೋರಿಸಲು ಬರುವುದಿಲ್ಲವಲ್ಲ! ಅದು ಯಾವಾಗಲೂ ದಪ್ಪ, ಯಾವಾಗಲೂ ಕೆಂಪು.

ಕೆಲವು ನಕ್ಷೆಗಳಲ್ಲಿ ಬಾಣದ ಪಕ್ಕ ಕುದುರೆ ಸವಾರನ ಚಿತ್ರವೂ ಇರುತ್ತದೆ. 2021ರಲ್ಲಿ ಕುದುರೆಗಳ ಡಿಎನ್‌ಎ ನೋಡಿದಾಗ, ಇಂದಿನ ಸಾಕು ಕುದುರೆಯ ತಳಿ ದೂರ ದೂರ ಹರಡಿದ್ದು ಕ್ರಿ.ಪೂ. 2200ರ ನಂತರ ಎಂದು ಗೊತ್ತಾಯಿತು. ಯಮ್ನಾಯರು ಯುರೋಪಿಗೆ ಹೋಗಿ ಆಗಲೇ ನೂರಾರು ವರ್ಷ ಕಳೆದಿತ್ತು. ಅದೇ ವರ್ಷ ಚೀನಾದ ಪಶ್ಚಿಮ ಭಾಗದ ತಾರಿಮ್ ಕಣಿವೆಯ ಮಮ್ಮಿಗಳ, ಅಂದರೆ ಒಣಗಿ ಕೆಡದೆ ಉಳಿದ ಹೆಣಗಳ ಸರದಿ. ತೊಖಾರಿಯನ್ ಎಂಬ ಇಂಡೋ-ಯುರೋಪಿಯನ್ ಭಾಷೆಯ ಹಸ್ತಪ್ರತಿಗಳು ಸಿಕ್ಕಿದ್ದು ಅದೇ ಪ್ರದೇಶದಲ್ಲಿ. ಹಾಗಾಗಿ ಈ ಮಮ್ಮಿಗಳು ಪಶ್ಚಿಮದಿಂದ ಬಂದವರೇ ಎಂದು ಎಷ್ಟೋ ಜನ ನಂಬಿದ್ದರು. ನೋಡಿದರೆ, ಕ್ರಿ.ಪೂ. 2000ದ ಆಸುಪಾಸಿನ ಆ ಜನ ಅಲ್ಲಿಯದೇ ಹಳೆಯ ಮೂಲದವರು. ಅಫನಾಸಿಯೆವೊದಿಂದ ಅಲ್ಲಿಗೆ ಎಳೆದಿದ್ದ ಬಾಣಕ್ಕೆ ಆ ಎಲುಬುಗಳಲ್ಲಿ ಆಧಾರ ಸಿಗಲಿಲ್ಲ.

ಮಡಿಕೆ, ಜನ, ಭಾಷೆ ಮೂರನ್ನೂ ಒಂದೇ ಬಣ್ಣದಲ್ಲಿ ತುಂಬುವ ಚಾಳಿ ಇವತ್ತಿನದಲ್ಲ. ಜರ್ಮನಿಯ ಪುರಾತತ್ವಜ್ಞ ಗುಸ್ಟಾಫ್ ಕೊಸಿನ್ನಾ ನೂರು ವರ್ಷದ ಹಿಂದೆ ಹಾಗೆಯೇ ಮಾಡಿದರು. ಅವರು ಸತ್ತ ಮೇಲೆ ನಾತ್ಸಿಗಳು ಆ ವಾದವನ್ನು ತಮ್ಮ ಜನಾಂಗವೇ ಮೇಲು ಎನ್ನಲು ಬಳಸಿದರು. ಇಂದಿನ ಸಂಶೋಧಕರಿಗೆ ಆ ಉದ್ದೇಶ ಇಲ್ಲ. ಆದರೆ ಬಣ್ಣ ತುಂಬಿದ ನಕ್ಷೆ ಅವರ ಎಚ್ಚರಿಕೆಯ ಮಾತುಗಳನ್ನು ಜೊತೆಗೆ ಒಯ್ಯುವುದಿಲ್ಲ. ಅದು ಚಿತ್ರವಾಗಿ ಮಾತ್ರ ಫಾರ್ವರ್ಡ್ ಆಗುತ್ತದೆ.

ಭಾಷೆ ಪ್ರಯಾಣ ಮಾಡಲು ಜನಸಾಗರವೇ ಬೇಕಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನವಿದೆ. ಭಾಷೆ ಪ್ರಾಕೃತ, ಅಂದರೆ ಇಂಡೋ-ಯುರೋಪಿಯನ್. ಬರೆದವನ ಹೆಸರು ಚಪಡ. ಬ್ರಾಹ್ಮಿಯಲ್ಲಿ ಶಾಸನ ಬರೆದು, ಕೊನೆಗೆ ಲಿಪಿಕಾರ ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಗಡಿಯ ಲಿಪಿ, ಸ್ವಾತ್ ಕಡೆಯದು. ಆಮೇಲೂ ಕೆಲವು ಶತಮಾನ ಕರ್ನಾಟಕದ ಶಾಸನಗಳ ಭಾಷೆ ಪ್ರಾಕೃತವೇ. ಕನ್ನಡ ಶಾಸನಕ್ಕೆ, ಮೊದಲನೆಯದು ಎಂದು ಸಾಮಾನ್ಯವಾಗಿ ಹೇಳುವ ಹಲ್ಮಿಡಿಯವರೆಗೆ, ಅಂದರೆ ಸುಮಾರು ಕ್ರಿ.ಶ. 5ನೇ ಶತಮಾನದವರೆಗೆ ಕಾಯಬೇಕು. ಕಲ್ಲುಗಳನ್ನು ಮಾತ್ರ ನೋಡಿ ಬಣ್ಣ ತುಂಬುವವನು ಆ ಏಳು ಶತಮಾನ ಕರ್ನಾಟಕವನ್ನು ಇಂಡೋ-ಯುರೋಪಿಯನ್ ಎಂದೇ ತೋರಿಸುತ್ತಾನೆ. ಊರಿನ ಜನ ಅಷ್ಟೂ ಕಾಲ ಮನೆಯಲ್ಲಿ ಬೇರೆಯದೇ ಮಾತಾಡುತ್ತಿದ್ದರು.

ನಕ್ಷೆಯೇ ಬೇಡ ಅನ್ನುವುದಿಲ್ಲ. ಎಲುಬಿಗೆ ಒಂದು ನಕ್ಷೆ ಮಾಡಿ. ಬರಹಕ್ಕೆ ಇನ್ನೊಂದು ಮಾಡಿ: ಹಿಟ್ಟೈಟ್ ಹಲಗೆ, ಮಿತ್ರ ವರುಣರ ಹೆಸರಿರುವ ಕ್ರಿ.ಪೂ. 14ನೇ ಶತಮಾನದ, ಪಶ್ಚಿಮ ಏಷ್ಯಾದ ಮಿತಾನ್ನಿ ರಾಜ್ಯದ ಒಪ್ಪಂದ, ಅಶೋಕನ ಕಲ್ಲು, ಒಂದೊಂದೂ ಸಿಕ್ಕ ಜಾಗದಲ್ಲಿ, ತನ್ನ ಇಸವಿಯ ಜೊತೆ. ಹರಪ್ಪದ ಜಾಗದಲ್ಲಿ ಭಾಷೆಯ ಹೆಸರು ಬರೆಯದೆ ಬಿಡಿ, ಏಕೆಂದರೆ ಆ ಲಿಪಿಯನ್ನು ಇನ್ನೂ ಯಾರೂ ಓದಿಲ್ಲ. ಎರಡನ್ನೂ ಪಕ್ಕಪಕ್ಕ ಇಡಿ, ಒಂದರ ಮೇಲೊಂದು ಅಂಟಿಸಬೇಡಿ.